ಕಡೀ ಸೊನ್ನಿ

ಮೊದಲನೇ ಸಲ ಆರಿದಾಗ
ಕರೆಂಟ್ ಹೋತು ಅಂದಕೊಂಡೆ.
ಫ್ಯಾನು ತಿರಗಾಕತ್ತಿತ್ತು,
ಬಾಜೂ ಮನಿ ಮಗ್ಗ ಕಟಕಟ ಅನ್ನಾಕತ್ತಿತ್ತು.
ಪರದೆ ಕರ್ರಗಾಗಿ, ತಾನಽ ಎದ್ದು ಕುಂತು,
ಏನೂ ಆಗೇ ಇಲ್ಲ ಅನ್ನೂವಂಗ
ಕಂಪನಿ ಹೆಸರು ತೋರಿಸಿತು.

ಇದನ್ನ ಕಟ್ಟಿದಾಕಿ ನಾನಽ.
ಹುಬ್ಬಳ್ಳಿ ಕೊಪ್ಪಿಕರ ರೋಡಿನಿಂದ
ಬೋರ್ಡು ತೊಡಿಮ್ಯಾಲಿಟಗೊಂಡು
ಬಸ್ಸು ಬಿದ್ದ ಒಂದೊಂದು ತಗ್ಗಿಗೂ
ಎರಡೂ ಕೈ ಅಡ್ಡ ಹಿಡದು
ಬೆಟಗೇರಿ ಮುಟ್ಟಿಸಿದ್ದೆ.
ರ‍್ಯಾಮ್ ಮಾತ್ರ ಸೆಕೆಂಡ್ ಹ್ಯಾಂಡ್, ಎರಡು ಪಟ್ಟಿ.
"ಹೊಸಾವುಕ್ಕಿಂತ ಛಲೋ ಅದಾವ್ರಿ ಅಕ್ಕಾರ" ಅಂದಿದ್ದ ಅಂಗಡಿಯಾಂವ.

ದಿನಕ್ಕೊಮ್ಮೆ ಆರತಿತ್ತು. ಆಮ್ಯಾಲೆ ತಾಸಿಗೊಮ್ಮೆ.
ಕಾರ್ಡಿನ್ಯಾಗ ಕಳಸ ಕುಂದರಸೂವಾಗ,
ಒಮ್ಮೆ ಏನೂ ಮಾಡಲಾರದ ಚಾ ಕುಡಿಯೂವಾಗ.
ಹೊತ್ತಿಲ್ಲ, ಗೊತ್ತಿಲ್ಲ.

ಯುಪಿಎಸ್ ಬದಲಿ ಮಾಡಿದೆ.
ಅರ್ಥಿಂಗ್ ಕುಣಿಗೆ ಎರಡು ಕೊಡ ಉಪ್ಪುನೀರು ಹೊಯ್ದೆ.
ಹಲ್ಲುಜ್ಜೂ ಬ್ರಷ್ಷಿನಿಂದ ಧೂಳ ತಗದೆ,
ನೂಲಿನ ಧೂಳ, ನಮ್ಮ ಓಣಿಗೆ ಅದಽ ಗಾಳಿ.
ರ‍್ಯಾಮಿನ ಬಂಗಾರದ ಹಲ್ಲಿಗೆ
ಮಗಳ ಕಂಪಾಸಿನ್ಯಾಗಿನ ರಬ್ಬರ್ ಹಚ್ಚಿ ತಿಕ್ಕಿದೆ:
ಬರದದ್ದನ್ನ ಅಳಸೂ ಸಾಮಾನು
ನೆನಪಿಟಗೋ, ನೆನಪಿಟಗೋ ಅನ್ನಾಕತ್ತಿತ್ತು.
ನಕ್ಕೊಂತ ತಿಕ್ಕಿದೆ.
ಮತ್ತ ಆರಿತು.

ಆ ವಾರದಾಗಽ ಫಕ್ಕೀರಪ್ಪನವರ ಮಗಳ ಲಗ್ನದ ಕಾರ್ಡು.
ಐನೂರು ಪ್ರತಿ, ಅರಿಷಿಣದ ಅಂಚು.
ನಾ ಹೊಡದದ್ದು ಮಲ್ಲವ್ವ.
ಪ್ರೂಫಿನ್ಯಾಗ ಮಲ್ಲವ್ವ, ಅದರ ಮ್ಯಾಲೆ ಅವರ ಸಹಿ.
ಆಮ್ಯಾಲೆ ಅಂಚು ಸರಸಾಕ
ಒಮ್ಮೆ ತಗದು ಸೇವ್ ಮಾಡಿದ್ದೆ, ಅಷ್ಟಽ.
ಪ್ರೆಸ್ಸಿನಿಂದ ಬಂದದ್ದು
ಶ್ರೀಮತಿ ಯಲ್ಲವ್ವ ಮತ್ತು ಶ್ರೀ ಫಕ್ಕೀರಪ್ಪ.

ಪ್ರೆಸ್ಸಿನಾವರು ನನ್ನ ಫೈಲು ತೋರಿಸಿದರು.
ಮನ್ಯಾಗಿನಾವರು ನನ್ನ ಕಣ್ಣು ತೋರಿಸಿದರು,
ಚಾಳೀಸ ಹಾಕ್ಕೊ ಅಂದರು.
ತುಕಾರಾಮ ಕಾಕಾ ಒಬ್ಬಾಂವ,
ಸೀಸದ ಮೊಳಿ ಜೋಡಿಸಿ ಬೆರಳು ಕರ್ರಗ ಮಾಡಿಕೊಂಡಾಂವ, ಅಂದ:
"ಕೈದು ತಪ್ಪಲ್ಲವಾ. ಖಾನೆದು.
ಮೊಳಿ ಬಿಚ್ಚಿ ತಿರಗಿ ತುಂಬೂವಾಗ ಯಾವನೋ
ಯ ತಗೊಂಡು ಮ-ದ ಖಾನ್ಯಾಗ ಒಗದಿರತಾನ."

ಮೊಬೈಲ್ ರಿಪೇರಿ ದಾದಾಪೀರ ಪೆನ್‌ಡ್ರೈವ್ ಕೊಟ್ಟ.
"ರಾತ್ರಿಡೀ ಬಿಡ್ರಿ. ಬರೀತೈತಿ, ಓದತೈತಿ, ತಾಳೆ ನೋಡತೈತಿ."
ಮೊದಲನೇ ಪಟ್ಟಿ ಒಂದನ್ನಽ ಹಾಕಿ ಬಿಟ್ಟೆ.
ಬೆಳಗಿನ ಮಟ ಬರೇ ನೀಲಿ.
ಎರಡನೇ ರಾತ್ರಿ ಎರಡನೇದು.
ಮೂರೂ ಹತ್ತಕ್ಕ ಎಚ್ಚರಾತು, ಮಗ್ಗ ಸುಮ್ಮನಿದ್ದವು,
ನೀಲಿಯೊಳಗ ಒಂದು ಕೆಂಪು ಸಾಲು.
ಅದರ ಕೆಳಗೊಂದು. ಅದಽ ಜಾಗಾ.
ಮತ್ತ ಅದಽ ಜಾಗಾ.
ಸೊನ್ನಿ ಇಟ್ಟರ ಒಂದು ಅಂತ ತಿರಗಿ ಕೊಡತಿತ್ತು,
ಕೋಟಿಗಟ್ಟಲೆ ಖಾನೆಯೊಳಗ
ಆ ಒಂದಽ ಒಂದು ಖಾನೆ.

ದಾದಾಪೀರ ಬಿಲ್ಲಿನ ಹಿಂದ ಬರದು ತೋರಿಸಿದ:
ಮಷೀನಿನ ಲೆಕ್ಕದಾಗ ಮ, ಯ ಬಾಜೂಬಾಜೂ ಮನಿ.
ಎಂಟು ಅಂಕಿಯೊಳಗ ಏಳು ಒಂದಽ ನಮೂನಿ.
ಕಡೀದು ಸೊನ್ನಿ ಇದ್ದರ ಮಲ್ಲವ್ವ,
ಒಂದಾದರ ಯಲ್ಲವ್ವ.

ಆ ಹೊತ್ತಿನ್ಯಾಗ ಆ ಮ
ಅದಽ ಖಾನ್ಯಾಗ ಕುಂತಿತ್ತೋ ಇಲ್ಲೋ
ಯಾರು ನೋಡ್ಯಾರ?
ಚೀಟಿ ತಗೊಂಡು ಪ್ರೆಸ್ಸಿಗೆ ಹೊಂಟಾಕಿ
ಓಣಿ ತಿರುವಿನ್ಯಾಗ ನಿಂತು, ತಿರಗಿ ಬಂದೆ.
ಕಾರ್ಡು ನನ್ನ ಖರ್ಚಿನ್ಯಾಗ ಮತ್ತ ಹೊಡಿಸಿದೆ.

ಫಕ್ಕೀರಪ್ಪನವರು ಹೊಸಾ ಕಟ್ಟು ಎಣಿಸಿಕೊಂಡರು.
ಹಳೇವು ರದ್ದಿಗೆ ಹಾಕತೇನ್ರಿ ಅಂದೆ.
ಅದರಾಗಿಂದೊಂದು ತಗದು,
ಆ ಹೆಸರಿನ ಮ್ಯಾಲೆ ಹೆಬ್ಬೆಟ್ಟು ಆಡಿಸಿ,
ಮಡಚಿ, ಒಳಕಿಸೇಕ ಇಟಗೊಂಡರು.
ಯಾಕಂತ ನಾ ಕೇಳಲಿಲ್ಲ.

ಮಷೀನು ಈಗ ಅರ್ಧಾ ನೆನಪಿನ ಮ್ಯಾಲೆ ನಡದೈತಿ.
ನಿಧಾನ. ಹದಿನೆಂಟು ದಿನಾ ಒಮ್ಮಿನೂ ಆರಿರಲಿಲ್ಲ.
ನಿನ್ನೆ ಸಂಜೀಕ ಯುಪಿಎಸ್ ಕುಂಯ್‌ಗುಟ್ಟಿ, ಕುಂಯ್‌ಗುಟ್ಟಿ,
ಟಪ್ ಅಂತ ಆರಿತು.
ಎದಿ ಹೌಹಾರಿ ಹೊರಗ ಓಡಿ ಬಂದೆ:
ಇಡೀ ಓಣಿ ಕತ್ತಲಿ,
ಒಂದು ಮಗ್ಗಾನೂ ಉಸರಾಡವಲ್ಲದು.
ಅಬ್ಬಾ, ಕರೆಂಟಽ ಹೋಗೇತಿ ಅಂತ
ಕಟ್ಟಿಮ್ಯಾಲೆ ಕುಂತಬಿಟ್ಟೆ.